ಕೃಷಿ ಮೇಳಕ್ಕೆ ನಮ್ಮ ಹಾಸನ ನಾಟಿ ಕುರಿ ಕಟ್ಟೋಣ ಅಂತಿದೀವಿ, ಜನಕ್ಕೆ ಹೆಂಗೆ ತೋರ್ಸೋದು?

ಅರಸೀಕೆರೆ ಬಯಲು:

ಎಲ್ರಿಗೂ ನಮಸ್ಕಾರ. ನಮ್ದು ಅರಸೀಕೆರೆ ತಾಲೂಕು, ರಾಗಿ ತೆಂಗಿನ ಜೊತೆಗೆ ಅಪ್ಪನ ಕಾಲದಿಂದ ಕುರಿ ಐತೆ. ಈಗ ತಾಯಿ ಕುರಿ ಒಂದರವತ್ತು, ಬೀಜದ ಟಗರು ಮೂರು, ಮರಿ ಲೆಕ್ಕ ಬೇರೆ. ಬಿಳಿ ಮೈ, ಅಲ್ಲಲ್ಲಿ ತೆಳು ಕಂದು ಮಚ್ಚೆ, ಕೆಲವಕ್ಕೆ ಕರಿ ಮಚ್ಚೆ, ಜೋಲು ಕಿವಿ, ಮೈಕಟ್ಟು ಚಿಕ್ಕದು. ಊರಲ್ಲಿ ಇದಕ್ಕೆ ನಾಟಿ ಕುರಿ ಅಂತಾರೆ ಅಷ್ಟೆ, ತಳಿ ಗಿಳಿ ಅಂತ ಯಾರೂ ಮಾತಾಡಿದ್ದಿಲ್ಲ. ಹೋದ್ ವರ್ಷ ಲಸಿಕೆ ಹಾಕಕ್ಕೆ ಬಂದಿದ್ದ ಡಾಕ್ಟ್ರು ರೊಪ್ಪದಲ್ಲಿ ನಿಂತು ನೋಡಿ, ಇದು ಹಾಸನ ತಳಿ ಕಣಪ್ಪ, ಬಂಡೂರು ಬಳ್ಳಾರಿ ಡೆಕ್ಕನಿ ಕೆಂಗುರಿ ಇದ್ದಂಗೆ ಇದಕ್ಕೂ ಸರ್ಕಾರದ ಪಟ್ಟಿಲಿ ಹೆಸರೈತೆ, ನಿಮ್ಮ ಜಿಲ್ಲೆ ಹೆಸರೇ ಇಟ್ಟವ್ರೆ ನಿಮಗೇ ಗೊತ್ತಿಲ್ವಲ್ಲ ಅಂದ್ರು.

ಈಗ ವಿಷಯ ಏನಂದ್ರೆ ನಮ್ಮ ಕಡೆ ನಡೆಯೋ ಕೃಷಿ ಮೇಳದಲ್ಲಿ ಪಶುಸಂಗೋಪನೆ ಸಾಲಲ್ಲಿ ಒಂದು ಸ್ಟಾಲ್ ಕೊಡ್ತೀವಿ, ಕುರಿ ತಂದು ಕಟ್ಟು ಅಂತ ಹೇಳವ್ರೆ. ಒಪ್ಕೊಂಡ್ಬಿಟ್ಟೆ. ಆಮೇಲೆ ಯೋಚ್ನೆ ಶುರುವಾಯ್ತು, ಯಾಕಂದ್ರೆ ಮೇಳದಲ್ಲಿ ನಾನು ನೋಡಿರೋದೆಲ್ಲ ಡಾರ್ಪರ್ ಕ್ರಾಸು, ಬಂಡೂರು ಟಗರು, ಹಾರ ಹಾಕಿ ಬಣ್ಣ ಬಳಿದು ನಿಲ್ಸಿರ್ತಾರೆ, ಜನ ಮುಗಿಬಿದ್ದು ಸೆಲ್ಫಿ ತಗೊಳ್ತಾರೆ, ನಮ್ಮವು ಅವುಗಳ ಪಕ್ಕ ನಿಂತ್ರೆ ಮರಿ ಇದ್ದಂಗೆ ಕಾಣ್ತವೆ. ನಮ್ಮ ತಮ್ಮ ಬೇರೆ ಒಂದು ಟಗರನ್ನ ಈಗಿಂದ್ಲೇ ಕಟ್ಟಾಕಿ ಜೋಳ ಹಿಂಡಿ ಕೊಟ್ಟು ದಪ್ಪ ಮಾಡೋಣ ಅಂತಾವ್ನೆ. ಏನು ಒಯ್ಯೋದು, ಬೋರ್ಡಲ್ಲಿ ಏನು ಬರ್ಸೋದು, ರೇಟ್ ಕೇಳಿದ್ರೆ ಏನು ಹೇಳೋದು, ಅನುಭವ ಇರೋರು ಹೇಳಿ.

ಕಡೂರು ರೊಪ್ಪ:

ತಮ್ಮ ಹೇಳಿದ್ದು ಕೇಳ್ಬೇಡಪ್ಪ. ದೊಡ್ಡ ಟಗರಿನ ಮುಂದೆ ಪೈಪೋಟಿಗೆ ನಿಂತ್ರೆ ನಿನ್ನ ಕುರಿ ಸೋಲ್ತದೆ, ಎಷ್ಟು ಹಿಂಡಿ ಹಾಕಿದ್ರೂ ಸೋಲ್ತದೆ. ಡಾರ್ಪರ್ ಅಂದ್ರೆ ದಕ್ಷಿಣ ಆಫ್ರಿಕಾದಲ್ಲಿ ಮಾಂಸಕ್ಕೆ ಅಂತಲೇ ಮಾಡಿರೋ ತಳಿ, ಅದಕ್ಕೂ ಇದಕ್ಕೂ ತೂಕದಲ್ಲಿ ಹೋಲಿಕೆ ಮಾಡಿದ್ರೆ ಏನ್ ಬಂತು. ನಿನ್ನ ಕುರಿ ಮಾಡೋ ಕೆಲಸನೇ ಬೇರೆ. ಬೆಳಗ್ಗೆ ಹೊರಟು ಬೀಳು, ಕೆರೆ ಅಂಗಳ, ಕೊಯ್ಲಾದ ರಾಗಿ ಕೂಳೆ, ತೋಟದ ಬದು ಎಲ್ಲ ಮೇಯ್ಕೊಂಡು ಸಂಜೆ ರೊಪ್ಪಕ್ಕೆ ಬರ್ತದೆ, ಚೀಲದ ಫೀಡ್ ಇಲ್ಲ, ಎತ್ತರದ ಶೆಡ್ ಇಲ್ಲ, ಆದ್ರೂ ಮರಿ ಹಾಕಿ ಸಾಕ್ತದೆ. ಇದನ್ನ ಶಾಮಿಯಾನದ ಕೆಳಗೆ ಹೆಂಗೆ ತೋರ್ಸೋದು ಅನ್ನೋದೇ ನಿಂಗಿರೋ ಕೆಲಸ.

ನಾನಾಗಿದ್ರೆ ಒಂದು ಮನೆತನ ಒಯ್ತೀನಿ. ಬಾಯಿ ಗೂಡಿ, ಅಂದ್ರೆ ಎಂಟೂ ಹಲ್ಲು ಬಂದು, ವರ್ಷ ಆಗಿರೋ ಒಂದು ಹಳೇ ತಾಯಿ ಕುರಿ, ಪಕ್ಕದಲ್ಲಿ ಅದರ ಮಗಳು, ಜೊತೆಗೆ ಈ ಸಲದ ಮರಿ. ರೈತ ಆದೋನು ಬಂದು ನಿಂತ್ರೆ ಕೈ ಹಿಡಿದು ಹತ್ರ ಕರ್ದು, ಕುರಿ ಗದ್ದ ಹಿಡ್ಕೊಂಡು ಕೆಳತುಟಿ ಇಳ್ಸಿ ಹಲ್ಲು ತೋರ್ಸು. ಎರಡು ದೊಡ್ಡ ಹಲ್ಲು ಅಂದ್ರೆ ವರ್ಷ ವರ್ಷೂವರೆ, ನಾಲ್ಕು ಹಲ್ಲು ಅಂದ್ರೆ ಎರಡು ವರ್ಷದ ಸುಮಾರು, ಎಂಟೂ ಬಂದು ಬಾಯಿ ಗೂಡಿದೆ ಅಂದ್ರೆ ನಾಲ್ಕು ವರ್ಷದ ಮೇಲೆ. ಇಷ್ಟು ವಯಸ್ಸಾದ್ರೂ ಹಲ್ಲು ಸವೆದಿಲ್ಲ, ಕೆಚ್ಚಲು ಕೆಟ್ಟಿಲ್ಲ, ಈಗಲೂ ಮರಿ ಕೊಡ್ತೈತೆ ನೋಡಿ ಅನ್ನು. ಕುರಿ ಸಾಕೋನಿಗೆ ಅದು ಅರ್ಥ ಆಗ್ತದೆ, ಸೆಲ್ಫಿ ತಗೊಳ್ಳೋನಿಗೆ ಆಗಲ್ಲ, ಅವನು ಹೆಂಗೂ ಕುರಿ ತಗೊಳ್ಳೋನಲ್ಲ.

ಇನ್ನೊಂದು, ಒಂದು ತೂಗು ತಕ್ಕಡಿ ಇಡು. ಗೋಣಿಚೀಲಕ್ಕೆ ಕಾಲು ತೂರೋಕೆ ನಾಲ್ಕು ತೂತು ಕುಯ್ದು ಮರಿ ಕೂರ್ಸಿ ಕೊಕ್ಕೆಗೆ ತಗಲ್ಸಿದ್ರೆ ಜನ ತಾವೇ ಗುಂಪು ಸೇರ್ತಾರೆ, ಮುಳ್ಳು ನಿಂತ ತಕ್ಷಣ ಎಲ್ರೂ ಬಗ್ಗಿ ನೋಡ್ತಾರೆ. ಹುಟ್ಟಿದಾಗ ಎಷ್ಟಿತ್ತು, ಮೂರು ತಿಂಗಳಿಗೆ ಎಷ್ಟಾಯ್ತು ಅಂತ ಬರ್ದಿಟ್ಟಿರೋ ಪುಸ್ತಕ ಇದ್ರೆ ಪಕ್ಕದಲ್ಲೇ ಇಡು. ಒಂದು ಮೂಟೆ ಗೊಬ್ಬರನೂ ಒಯ್ಯಿ. ಮೇಳಕ್ಕೆ ಸಕಲೇಶಪುರ ಮೂಡಿಗೆರೆ ಕಡೆ ಕಾಫಿ ತೋಟದೋರು ಬರ್ತಾರೆ, ಅವರು ಕುರಿ ನೋಡದಿದ್ರೂ ಕುರಿ ಗೊಬ್ಬರಕ್ಕೆ ನಿಲ್ತಾರೆ.

ಕೆಎ 13 ಬಾಯ್:

ಟಗರು ಕಾಳಗ ಇಡಿ ಅಣ್ಣ ಜನ ಹುಚ್ಚೆದ್ದು ಬರ್ತಾರೆ 🔥

ಕಡೂರು ರೊಪ್ಪ:

ಬರ್ತಾರೆ, ಅವರ ಹಿಂದೆ ಪೊಲೀಸ್ನೋರೂ ಬರ್ತಾರೆ. ಪ್ರಾಣಿಗಳನ್ನ ಕಾದಾಡಕ್ಕೆ ಬಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಲಿ ಅಪರಾಧ. ಅದೂ ಇಲಾಖೆಯೋರು ಕೊಟ್ಟಿರೋ ಸ್ಟಾಲಲ್ಲಿ! ಒಳ್ಳೆ ಐಡಿಯಾ ಗುರು.

ಮಳವಳ್ಳಿ ಕಡೆಯೋನು:

ಬ್ರದರ್ ಬೇಜಾರ್ ಮಾಡ್ಕೋಬ್ಯಾಡ, ನಾನು ಬಂಡೂರು ಸೀಮೆಯೋನು, ಕಂಡಿದ್ದು ಹೇಳ್ತೀನಿ. ಬಂಡೂರು ಅನ್ನೋದು ನಮ್ಮ ಮಳವಳ್ಳಿ ತಾಲೂಕಿನ ಊರು, ಆ ಕುರಿಗೆ ಹೆಸರು ಬಂದಿದ್ದು ಮೇಳದಲ್ಲಲ್ಲ, ತಟ್ಟೆಲಿ. ಗಿಡ್ಡ ಕಾಲು, ಹಿಂದಿನಿಂದ ನೋಡಿದ್ರೆ ತೊಡೆ ಎರಡೂ ತುಂಬ್ಕೊಂಡು ತಲೆಕೆಳಗಾದ ಯು ಆಕಾರ, ಮಾಂಸದೊಳಗೇ ಕೊಬ್ಬು ಸೇರ್ಕೊಂಡಿರ್ತದೆ, ಬಾಡು ಬೆಂದ್ರೆ ಬಾಯಲ್ಲಿ ಕರಗ್ತದೆ ಅಂತ ತಿಂದೋರು ಹೇಳ್ಕೊಂಡು ತಿರುಗಿದ್ರು. ಒಂದು ಟಗರು ಲಕ್ಷ ದಾಟಿ ಹೋಯ್ತು ಅಂತ ಪೇಪರಲ್ಲಿ ಬತ್ತದಲ್ಲ, ಅದೆಲ್ಲ ಆ ಮಾತಿನ ಮೇಲೆ ನಿಂತಿರೋದು. ನಿಮ್ಮ ಕುರಿಗೆ ಹಂಗೊಂದು ಮಾತು ಯಾವ್ದೈತೆ? ಬಿಸಿಲಲ್ಲಿ ನಡೀತದೆ, ಕಡಿಮೆ ಮೇವಲ್ಲಿ ಬದುಕ್ತದೆ ಅಂದ್ರೆ ಅದು ಸಾಕೋನಿಗೆ ಒಳ್ಳೇದು, ದುಡ್ಡು ಕೊಡೋದು ತಿನ್ನೋನು.

ಅದಕ್ಕೆ ನನ್ ಪ್ರಕಾರ ಮೇಳಕ್ಕಿಂತ ಮೊದ್ಲು ಊಟದಲ್ಲಿ ಗೆಲ್ಬೇಕು. ಯುಗಾದಿ ಮಾರನೇ ದಿನ ಹೊಸತೊಡಕಿಗೆ ನಿಮ್ಮೂರಲ್ಲಿ ಮಾಂಸ ಪಾಲು ಮಾಡಿ ಗುಡ್ಡೆ ಬಾಡು ಹಾಕ್ತೀರಲ್ಲ, ಆವತ್ತು ನಿನ್ನ ಎರಡು ಹಲ್ಲಿನ ಮರಿ ಕುಯ್ಸಿ ಗುಡ್ಡೆ ಹಾಕ್ಸು, ಬೀಳು ಮೇಯ್ದ ನಾಟಿ ಮರಿ ಅಂತ ಹೇಳಿ ಹಾಸನದ ಪೇಟೆಯೋರಿಗೂ ನಾಲ್ಕು ಗುಡ್ಡೆ ಕಳ್ಸು. ಫಾರಂ ಮರಿ ತಿಂದು ತಿಂದು ಬೇಸತ್ತಿರೋರು ಬೇಕಾದಷ್ಟು ಜನ ಅವ್ರೆ. ಮುಂದಿನ ಹಬ್ಬಕ್ಕೆ ಅವರೇ ಫೋನ್ ಮಾಡ್ತಾರೆ. ಆಮೇಲೆ ಮೇಳದಲ್ಲಿ ಬೋರ್ಡ್ ಹಾಕು, ಅಲ್ಲಿ ತಂಕ ಅದು ಬರೀ ಪ್ರದರ್ಶನ.

ಕಡೂರು ರೊಪ್ಪ:

ಗುಡ್ಡೆ ಬಾಡಿನ ಮಾತು ಒಪ್ತೀನಿ. ಆದ್ರೆ ಬಂಡೂರಿಗೆ ಹೆಸರು ಬಂದ್ಮೇಲೆ ಏನಾಯ್ತು ಅನ್ನೋದೂ ಹೇಳಣ್ಣ. ಯಾವ್ ಸಂತೆಗೆ ಹೋದ್ರೂ ಮುಖ ಕಂದು ಮೈ ಬಿಳಿ ಇದ್ರೆ ಸಾಕು ಬಂಡೂರು ಅಂತ ಮಾರ್ತಾರೆ. ತಟ್ಟೆಲಿ ಗೆದ್ದಿದ್ದಕ್ಕೇ ಅಸಲಿ ಕುರಿ ಹುಡ್ಕೋದು ಕಷ್ಟ ಆಗಿರೋದು, ಒಳ್ಳೆ ಟಗರೆಲ್ಲ ಮೊದ್ಲು ಹೋಗೋದು ಕಸಾಯಿಖಾನೆಗೇ ಅಲ್ವ.

ಮಳವಳ್ಳಿ ಕಡೆಯೋನು:

ಅದು ನಿಜ ಕಣಣ್ಣ. ಧನಗೂರಲ್ಲಿ ಸರ್ಕಾರದ ಕುರಿ ಫಾರಂ ಇಲ್ದಿದ್ರೆ ಇನ್ನೂ ಕೆಡ್ತಿತ್ತು.

ವೆಟ್ ಹಾಸನ:

ಫೋಟೋ ಮೆಸೇಜಲ್ಲಿ ಕಳಿಸಿದ್ದಕ್ಕೆ ಥ್ಯಾಂಕ್ಸ್, ನೋಡಿದೆ. ಎರಡು ವಿಷಯ ಹೇಳ್ತೀನಿ, ಒಂದು ತಳಿ ಬಗ್ಗೆ, ಇನ್ನೊಂದು ರೋಗದ ಬಗ್ಗೆ. ಎರಡನೇದು ಹೆಚ್ಚು ಮುಖ್ಯ.

ಹಾಸನ ತಳಿಗೆ ಬರೆದಿರೋ ಲಕ್ಷಣ ನೀವು ಹೇಳಿದ್ದಕ್ಕೆ ಹತ್ತಿರ ಇದೆ. ಚಿಕ್ಕ ಗಾತ್ರ, ಬಿಳಿ ಮೈಮೇಲೆ ತೆಳು ಕಂದು ಅಥವಾ ಕಪ್ಪು ಮಚ್ಚೆ, ಮಧ್ಯಮ ಉದ್ದದ ಜೋಲು ಕಿವಿ. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬು ಇರಲ್ಲ, ಗಂಡಿನಲ್ಲಿ ನೂರಕ್ಕೆ 39ರಷ್ಟಕ್ಕೆ ಕೊಂಬು ಕಂಡಿದ್ದಾರೆ. ಉಣ್ಣೆ ಬಿಳಿ, ತುಂಬಾ ಒರಟು, ಬಿಡಿ ಬಿಡಿ, ಕಾಲು ಮತ್ತೆ ಹೊಟ್ಟೆ ಕೆಳಗೆ ಉಣ್ಣೆ ಇರಲ್ಲ. ನಿಮ್ಮ ಹೆಣ್ಣು ಕುರಿಗಳು ಬಹುಪಾಲು ಇದಕ್ಕೆ ಹೊಂದುತ್ತವೆ. ಆದರೆ ಮೂರನೇ ಫೋಟೋದ ಟಗರಿನ ಕೊರಳಲ್ಲಿ ಎರಡು ಲೋಲಕ (ಜೋತಾಡೋ ಚರ್ಮದ ತುಣುಕು) ಇದೆ, ಹಿಂದಿನ ತೊಡೆ ತುಂಬಿದೆ, ಕಾಲು ಗಿಡ್ಡ, ಎಲ್ಲೋ ಬಂಡೂರು ರಕ್ತ ಸೇರಿದೆ ಅನ್ಸುತ್ತೆ. ಕೆಟ್ಟ ಟಗರು ಅಂತ ಅಲ್ಲ, ಆದರೆ ಹಾಸನ ತಳಿ ಅಂತ ಬೋರ್ಡ್ ಹಾಕಿ ಅದನ್ನೇ ಮುಂದೆ ನಿಲ್ಲಿಸಬೇಡಿ, ಮೇಳದಲ್ಲಿ ನಮ್ಮ ಕಾಲೇಜಿನವರೂ ಓಡಾಡ್ತಿರ್ತಾರೆ, ಮೊದಲ ಪ್ರಶ್ನೆ ಅದೇ ಬರುತ್ತೆ. ಮೊದಲನೇ ಫೋಟೋದ ಕೊಂಬಿನ ಟಗರು ಒಯ್ಯಿರಿ.

ಉಣ್ಣೆ ಬಗ್ಗೆ ಹೆಚ್ಚು ಮಾತಾಡೋಕೆ ಹೋಗಬೇಡಿ, ಅದರಲ್ಲಿ ಹೇಳಿಕೊಳ್ಳೋ ಅಂಥದ್ದಿಲ್ಲ. ಅವಳಿ ಹಾಕುತ್ತಾ ಅಂತ ಖಂಡಿತ ಕೇಳ್ತಾರೆ, ಯಾಕಂದ್ರೆ ಈಗ ಎಲ್ಲರ ಬಾಯಲ್ಲೂ ಅವಳಿ ಹಾಕೋ ನಾರಿ ಸುವರ್ಣ ಕುರಿ. ಅದು ಮಹಾರಾಷ್ಟ್ರದ ಫಲ್ಟಣದಲ್ಲಿ ನಿಂಬಕರ್ ಸಂಸ್ಥೆ ಮಾಡಿದ್ದು, ಸುಂದರಬನದ ಗಾರೋಲ್ ಅನ್ನೋ ಪುಟ್ಟ ಕುರಿಯಲ್ಲಿದ್ದ ಅವಳಿ ವಂಶವಾಹಿನ ಡೆಕ್ಕನಿ ಕುರಿಗೆ ತಂದ್ರು. ಗಾರೋಲ್ ನಿಮ್ಮ ಕುರಿಗಿಂತಲೂ ಚಿಕ್ಕದು. ಬಂಗಾಳದ ಅದೇ ಕುರಿ 1790ರ ದಶಕದಲ್ಲೇ ಕಲ್ಕತ್ತಾದಿಂದ ಹಡಗಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ಬೂರೂಲಾ ಮೆರಿನೋ ಅನ್ನೋ ಉಣ್ಣೆ ಕುರಿಗೂ ಅವಳಿ ಗುಣ ಕೊಟ್ಟಿತ್ತು. ಯಾರೂ ಕಣ್ಣೆತ್ತಿ ನೋಡದ ಸಣ್ಣ ತಳೀಲಿ ಏನಿರುತ್ತೆ ಅಂತ ಮೊದಲೇ ಹೇಳಕ್ಕಾಗಲ್ಲ, ನಮ್ಮ ಕುರಿ ಯಾಕೆ ಉಳಿಸ್ಬೇಕು ಅಂತ ಯಾರಾದ್ರೂ ವಾದಕ್ಕೆ ಬಂದ್ರೆ ಈ ಕಥೆ ಹೇಳಿ. ನಿಮ್ಮದು ಸಾಮಾನ್ಯವಾಗಿ ಒಂಟಿ ಮರಿ ಹಾಕೋದು, ಅದನ್ನ ಮುಚ್ಚಿಡಬೇಡಿ.

ಈಗ ರೋಗ. ಮೇಳ ಅಂದ್ರೆ ಹತ್ತು ಕಡೆಯ ಕುರಿ ಮೇಕೆ ಒಂದೇ ಶಾಮಿಯಾನದಲ್ಲಿ ಮೂಗಿಗೆ ಮೂಗು ತಾಗಿಸ್ಕೊಂಡು ನಿಲ್ಲೋ ಜಾಗ. ಪಿಪಿಆರ್ ಅನ್ನೋ ಕುರಿ ಮೇಕೆಯ ಅಂಟುರೋಗ ಬಂದ್ರೆ ಜ್ವರ, ಕಣ್ಣು ಮೂಗಲ್ಲಿ ಸೋರಿಕೆ, ಬಾಯಿ ಹುಣ್ಣು, ಭೇದಿ, ಮಂದೆಗೆ ಮಂದೆನೇ ಹೋಗುತ್ತೆ. ಹೋಗೋ ಪ್ರತಿ ಕುರಿಗೂ ಮೂರು ವಾರ ಮುಂಚೆನಾದ್ರೂ ಪಿಪಿಆರ್ ಲಸಿಕೆ ಆಗಿರಬೇಕು. ಒಂದು ಸಲ ಹಾಕಿಸಿದ್ರೆ ಸುಮಾರು ಮೂರು ವರ್ಷ ರಕ್ಷಣೆ ಇರುತ್ತೆ, ಹೋದ ವರ್ಷ ಹಾಕಿಸಿದ್ದಕ್ಕೆ ಮತ್ತೆ ಬೇಡ, ಆಮೇಲೆ ಬಂದಿದ್ದಕ್ಕೆ ಮಾತ್ರ ನೋಡಿ. ಕರುಳುಬೇನೆ ಮತ್ತೆ ಸಿಡುಬಿನ ಲಸಿಕೆ ಯಾವಾಗ ಆಗಿದೆ ಅಂತ ನಿಮ್ಮ ಡಾಕ್ಟ್ರನ್ನ ಕೇಳಿ.

ಕಡೂರಿನ ಅಣ್ಣ ಮರಿ ಒಯ್ಯಿ ಅಂದಿದ್ದಾರೆ, ಅಲ್ಲಿ ಮಾತ್ರ ನಾನು ತಡೀತೀನಿ. ಪಿಪಿಆರ್ ಲಸಿಕೆ ಮರಿಗೆ ನಾಲ್ಕು ತಿಂಗಳ ಹತ್ತಿರ ಕೊಡೋದು, ಅದಕ್ಕೂ ಮುಂಚಿನ ಹಾಲು ಕುಡಿಯೋ ಮರಿ ತಗೊಂಡೋಗಿ ಆ ಜಾತ್ರೇಲಿ ನಿಲ್ಲಿಸೋದು ಅಪಾಯ. ಐದು ತಿಂಗಳು ದಾಟಿ ಲಸಿಕೆ ಆಗಿರೋ ಮರಿ ಒಯ್ದು ತಕ್ಕಡಿಗೆ ಹಾಕಿ. ಪುಟ್ಟ ಮರಿಗಳದ್ದು ರೊಪ್ಪದಲ್ಲೇ ತೂಗಿ ವಿಡಿಯೋ ಮಾಡ್ಕೊಂಡು ಹೋಗಿ. ಇವತ್ತೋ ನಾಳೆಯೋ ಈಯೋ ಕುರಿನೂ ಬೇಡ. ವಾಪಸ್ ಬಂದ ಮೇಲೆ ಆ ಕುರಿಗಳನ್ನ ಮೂರು ವಾರ ಬೇರೆ ಕಡೆ ಕಟ್ಟಿ, ನೀರಿನ ತೊಟ್ಟಿನೂ ಬೇರೆ ಇರಲಿ. ಮೇಳದಲ್ಲಿ ಎಲ್ಲರಿಗೂ ಒಂದೇ ತೊಟ್ಟಿ ಇಟ್ಟಿರ್ತಾರೆ, ನೀವು ಮನೆಯಿಂದ ಬಕೆಟ್ ಒಯ್ಯಿರಿ.

ತರೀಕೆರೆ ಕುರಿಮನೆ:

ನಾನು ನಮ್ಮತ್ತೆ ಇಬ್ರೂ ಕುರಿ ನೋಡ್ಕೊಳ್ಳೋದು, ಮೇಳದಲ್ಲಿ ಸ್ಟಾಲ್ ಹಾಕಿದೀವಿ, ಆ ಅನುಭವದಿಂದ ಹೇಳ್ತೀನಿ. ಎಲ್ರೂ ಕುರಿ ಹೆಂಗ್ ಕಾಣ್ಬೇಕು ಅಂತಲೇ ಮಾತಾಡ್ತಿದೀರ, ಬಂದೋರು ಬೇಕು ಅಂದ್ರೆ ಏನು ಕೊಡ್ತೀರ ಅನ್ನೋದು ಯಾರೂ ಕೇಳ್ಲಿಲ್ಲ.

ರೇಟ್ ಕೇಳಿದ್ರೆ ಕೆಜಿ ಲೆಕ್ಕ ಮಾತ್ರ ಹೇಳ್ಬೇಡಿ ಅಣ್ಣ. ಕೆಜಿ ಅಂದ್ರೆ ಅಲ್ಲಿಗೇ ನೀವು ಕಟುಕರ ಲೆಕ್ಕಕ್ಕೆ ಇಳಿದ್ರಿ, ಚಿಕ್ಕ ಕುರಿ ಅಲ್ಲಿ ಗೆಲ್ಲಲ್ಲ. ಇದು ಬೀಜದ ಟಗರು, ಇದರ ತಾಯಿ ಇದು, ಇಷ್ಟು ಹಲ್ಲು, ಕಿವಿ ಓಲೆ (ಗುರುತಿನ ಬಿಲ್ಲೆ) ನಂಬರ್ ಇದು, ಇಷ್ಟು ದುಡ್ಡು ಅಂತ ಒಂದೇ ಮಾತು. ಆ ಓಲೆಲಿ 12 ಅಂಕಿ ಇರ್ತದಲ್ಲ, ಅದನ್ನೇ ಪುಸ್ತಕದಲ್ಲೂ ಬರೀರಿ, ಕುರಿ ಮತ್ತೆ ಲೆಕ್ಕ ತಾಳೆ ಆಗ್ಬೇಕು. ನಮ್ಮತ್ತೆಗೆ ಓದಕ್ಕೆ ಬರಲ್ಲ ಆದ್ರೆ ಯಾವ ಮರಿ ಯಾವ ತಾಯಿದು ಅಂತ ಮುಖ ನೋಡಿ ಹೇಳ್ತಾರೆ, ಅವರು ಹೇಳೋದು ನಾನು ಬರೆಯೋದು. ಸ್ಟಾಲಲ್ಲೂ ಅವರನ್ನೇ ಮುಂದೆ ಕೂರ್ಸಿದ್ದೆ, ಗಂಡಸರು ಬಂದು ಪರೀಕ್ಷೆ ಮಾಡೋ ತರ ಕೇಳೋದು, ಅವರು ಮಡ್ಲಲ್ಲಿ ಎಲೆಅಡಿಕೆ ಇಟ್ಕೊಂಡು ಕುರಿ ಕಡೆ ತಿರುಗೂ ನೋಡ್ದೆ ಉತ್ತರ ಕೊಡೋದು, ನನ್ನ ಬ್ಯಾನರಿಗಿಂತ ಅದೇ ಜಾಸ್ತಿ ಕೆಲಸ ಮಾಡ್ತು.

ಮತ್ತೆ ಸ್ಥಳದಲ್ಲೇ ಮಾರ್ಬೇಡಿ. ಹೆಸರು ಊರು ಫೋನ್ ನಂಬರ್ ಬರ್ಕೊಂಡು ಮನೆಗೆ ಬನ್ನಿ ಅನ್ನಿ. ರೊಪ್ಪ ನೋಡಕ್ಕೆ ಬರೋನು ಸಾಕೋನು, ಅಲ್ಲೇ ಹಗ್ಗ ಹಿಡಿದು ಎಳ್ಕೊಂಡು ಹೋಗ್ತೀನಿ ಅನ್ನೋನು ಎಲ್ಲಿಗೆ ಒಯ್ತಾನೋ ಗೊತ್ತಿಲ್ಲ.

ಇನ್ನೊಂದು ಎಚ್ಚರಿಕೆ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 500 ಹೆಣ್ಣು 25 ಗಂಡಿನ ಘಟಕದ ತಂಕ ಅರ್ಧ ದುಡ್ಡು ಸಬ್ಸಿಡಿ ಐತಲ್ಲ, 50 ಲಕ್ಷದ ಮಿತಿ, ಅದನ್ನ ಹಿಡ್ಕೊಂಡು ಒಂದೇ ಸಲ ನೂರಾರು ಹೆಣ್ಣು ಕುರಿ ಬೇಕು ಅಂತ ಪಟ್ಟಣದೋರು ಬರ್ತಾರೆ. ಆಸೆಗೆ ಬಿದ್ದು ತಾಯಿ ಕುರಿ ಕೊಟ್ಬಿಟ್ರೆ ನಿಮ್ಮಲ್ಲಿ ತಳಿ ಮುಗೀತು, ಅವನ ಶೆಡ್ಡಲ್ಲಿ ಬಯಲು ಮೇಯ್ದ ಕುರಿ ನಿಲ್ಲುತ್ತೋ ಇಲ್ವೋ ಅದೂ ಅನುಮಾನ. ಟಗರು ಮಾತ್ರ ಕೊಡಿ, ಹೆಣ್ಣು ಕೊಡ್ಬೇಡಿ. 2019ರ ಗಣತೀಲಿ ನಮ್ಮ ರಾಜ್ಯದಲ್ಲಿ 1.1 ಕೋಟಿ ಕುರಿ ಅಂತ ಬಂತು, ಕುರಿಗೇನೂ ಬರ ಇಲ್ಲ, ಬರ ಇರೋದು ಲೆಕ್ಕ ಇಟ್ಟ ಒಳ್ಳೆ ನಾಟಿ ಟಗರಿಗೆ.

ಹಂಗಾಗಿ ಒಬ್ರೇ ಹೋಗ್ಬೇಡಿ. ಮೂರು ಟಗರು ಇಟ್ಕೊಂಡು ತಳಿ ಪ್ರಚಾರ ಮಾಡಿದ್ರೆ ಮೊದಲ ದಿನನೇ ಹತ್ತು ಜನ ಕೇಳ್ತಾರೆ, ಎಲ್ಲಿಂದ ಕೊಡ್ತೀರ? ನಿಮ್ಮ ಅಕ್ಕಪಕ್ಕದ ಊರಲ್ಲಿ ಇದೇ ಕುರಿ ಇರೋ ನಾಲ್ಕೈದು ಮನೆಯೋರನ್ನ ಸೇರ್ಸ್ಕೊಳ್ಳಿ, ಬ್ಯಾನರ್ ಎಲ್ಲರ ಹೆಸರಲ್ಲಿ ಹಾಕ್ಸಿ. ಟಗರನ್ನ ನಿಮ್ಮ ನಿಮ್ಮಲ್ಲೇ ಎರಡು ವರ್ಷಕ್ಕೊಂದ್ಸಲ ಅದಲು ಬದಲು ಮಾಡ್ಕೊಂಡ್ರೆ ಅಪ್ಪ ಮಗಳು ಸೇರೋದೂ ತಪ್ತದೆ.

ಮಳವಳ್ಳಿ ಕಡೆಯೋನು:

ಅಕ್ಕನ ಮಾತು ನೂರಕ್ಕೆ ನೂರು. ನಮ್ಮ ಕಡೆ ಇದನ್ನೇ ಮೊದ್ಲೇ ಮಾಡಿದ್ರೆ ಎಷ್ಟೋ ಚೆನ್ನಾಗಿರೋದು.

ಅರಸೀಕೆರೆ ಬಯಲು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟೊಂದು ಬರೀತೀರ ಅನ್ಕೊಂಡಿರ್ಲಿಲ್ಲ. ನಮ್ಮ ತಮ್ಮನಿಗೂ ಓದಿ ಹೇಳ್ದೆ, ಹಿಂಡಿ ತರೋದು ಕ್ಯಾನ್ಸಲ್, ಆದ್ರೆ ಗೋಣಿಚೀಲದ ತಕ್ಕಡಿ ಮಾತ್ರ ಅವನಿಗೆ ಹಿಡಿಸ್ಬಿಟ್ಟಿದೆ, ಈಗಲೇ ಚೀಲ ಕುಯ್ತಾ ಕೂತವ್ನೆ.

ಲೋಲಕದ ಟಗರು ಬಾಣಾವರದ ಕಡೆಯಿಂದ ತಂದಿದ್ದು ಡಾಕ್ಟ್ರೆ, ಅದು ಮನೇಲೇ ಇರ್ತದೆ. ಕೊಂಬಿನದು, ಹಳೇ ತಾಯಿ ಕುರಿ ಎರಡು, ಒಂದರ ಮಗಳು, ಐದಾರು ತಿಂಗಳ ಮರಿ ಎರಡು ಒಯ್ತೀನಿ, ಆ ಮರಿ ಎರಡಕ್ಕೂ ಲಸಿಕೆ ಇನ್ನೂ ಆಗಿಲ್ಲ, ಈ ವಾರನೇ ಹಾಕ್ಸ್ತೀನಿ, ಮೇಳಕ್ಕೆ ಇನ್ನೂ ಒಂದೂವರೆ ತಿಂಗಳು ಟೈಮ್ ಐತೆ. ಬೋರ್ಡಲ್ಲಿ ಶುದ್ಧ ಅಂತ ಬರ್ಸಲ್ಲ, ಹಾಸನ ನಾಟಿ ಕುರಿ, ಬೀಳು ಮೇಯುವ ತಳಿ, ಬೀಜದ ಟಗರಿಗೆ ಹೆಸರು ಬರೆಸಿ ಅಂತ ಇಷ್ಟೇ. ಪಕ್ಕದೂರಿನ ಎರಡು ಮನೆಯೋರು ಬರ್ತೀವಿ ಅಂದವ್ರೆ, ಇನ್ನೊಬ್ರು ಮೇಳಕ್ಕೆ ಹೋದ್ರೆ ಕುರಿಗೆ ದೃಷ್ಟಿ ಆಯ್ತದೆ ಅಂತ ಒಪ್ತಿಲ್ಲ, ಅವರ ಹತ್ರನೇ ಒಳ್ಳೆ ಟಗರಿರೋದು 😄 ತರೀಕೆರೆ ಅಕ್ಕ ಹೇಳ್ದಂಗೆ ನಮ್ಮವ್ವನ್ನೂ ಕರ್ಕೊಂಡು ಹೋಗ್ತೀನಿ, ಅವ್ವ ಆದ್ರೆ ಅವರ ಮನೆಯೋರನ್ನೂ ಮಾತಾಡ್ಸಿ ಒಪ್ಪಿಸ್ತಾರೆ.

ಇನ್ನೊಂದೇ ಡೌಟು, ಗಾಡಿ. ಟಾಟಾ ಏಸಲ್ಲಿ ಆರು ಕುರಿ ಜೊತೆಗೆ ಗೊಬ್ಬರದ ಮೂಟೆ, ಮೇವು ಹಿಡಿಯುತ್ತಾ? ಟಗರನ್ನ ಹೆಣ್ಣುಗಳ ಜೊತೆ ಬಿಟ್ರೆ ದಾರೀಲಿ ತುಳಿದಾಡ್ತವಾ, ಬೇರೆ ಕಟ್ಬೇಕಾ?

ಕಡೂರು ರೊಪ್ಪ:

ಹಿಡಿಯುತ್ತೆ. ಟಗರು ಮುಂದ್ಗಡೆ ಕ್ಯಾಬಿನ್ ಹಿಂದೆ ಗಿಡ್ಡ ಹಗ್ಗದಲ್ಲಿ ಕಟ್ಟು, ಮಧ್ಯಕ್ಕೆ ಗೊಬ್ಬರದ ಮೂಟೆ ಅಡ್ಡ ಹಾಕು, ಹಿಂದೆ ಹೆಣ್ಣು ಮರಿ ಬಿಡಿ. ಕೆಳಗೆ ಹುಲ್ಲು ದಪ್ಪಗೆ ಹಾಸು ಇಲ್ದಿದ್ರೆ ತಗಡಿನ ಮೇಲೆ ಕಾಲು ಜಾರ್ತದೆ. ಬಿಸಿಲೇರೋಕೆ ಮುಂಚೆ ಬೆಳಗಿನ ಜಾವನೇ ಹೊರಡು, ಹೊರಡೋಕೆ ಮುಂಚೆ ಹೊಟ್ಟೆ ತುಂಬ ಮೇಯಿಸ್ಬೇಡ. ಸ್ಟಾಲ್ ನಂಬರ್ ಸಿಕ್ಕಿದ ಮೇಲೆ ಇಲ್ಲೇ ಹಾಕು, ನಾನೂ ಬರ್ತೀನಿ, ನಂಗೂ ಒಂದು ಟಗರು ಬೇಕಾಗೈತೆ.